ಹಳೆಯ ಆಟಕ್ಕೊಂದು ಹೊಸ ಗಣಕ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ವಿಜ್ಞಾನ ವಿಷಯದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಹಿರಿಯರು ಸೂಚಿಸಿದಾಗ, ದೊಡ್ಡ ವಿಷಯಗಳನ್ನು ಬದಿಗಿಟ್ಟು ಒಂದು ಸಣ್ಣ ಪೆಟ್ಟಿಗೆಯ ಬಗ್ಗೆ ಬರೆಯಲು ನಿಶ್ಚಯಿಸಿದೆ. ಹಿಂದೆ ದೂರದರ್ಶನದ ಪೆಟ್ಟಿಗೆಗೆ ಜೋಡಿಸಿ ಆಡುತ್ತಿದ್ದ ಕ್ಯಾಸೆಟ್ ಆಟಗಳನ್ನು ಇಂದು ಮತ್ತೆ ಆಡಲು ನೆರವಾಗುವ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ, ಸದ್ದು ಮಾಡದ ಗಣಕ ಅದು. ಇಂತಹ ಎರಡು ಗಣಕಗಳನ್ನು ನಾನು ಜೋಡಿಸಿದ್ದೇನೆ: ಒಂದು ರಾಯದುರ್ಗದ ನಮ್ಮ ಮನೆಯಲ್ಲಿದೆ, ಇನ್ನೊಂದು ಮಡಕಶಿರಾದಲ್ಲಿ ತಂಗಿಯ ಮನೆಯಲ್ಲಿದೆ.

ಆಟದ ವಿಷಯ ಶಾಲೆಯ ಸಂಚಿಕೆಗೆ ತಕ್ಕುದೇ ಎಂದು ನಮ್ಮ ಗುರುಗಳಲ್ಲಿ ಕೆಲವರು ಹುಬ್ಬೇರಿಸಬಹುದು. ಅವರಲ್ಲಿ ನನ್ನ ವಿನಂತಿ ಇಷ್ಟೇ: ಕೊನೆಯವರೆಗೆ ಓದಬೇಕು. ಆಟವನ್ನು ಉಳಿಸುವ ಉಪಾಯವೇ ಅಕ್ಷರವನ್ನು ಉಳಿಸುವ ಉಪಾಯವೂ ಆಗಿದೆ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಕ್ಯಾಸೆಟ್ ಆಟಗಳ ಕಾಲ

ಜಪಾನಿನ ನಿಂಟೆಂಡೊ ಸಂಸ್ಥೆಯು 1983ರ ಜುಲೈ ತಿಂಗಳಿನಲ್ಲಿ ಫ್ಯಾಮಿಕಾಂ ಎಂಬ ಆಟದ ಯಂತ್ರವನ್ನು ಮಾರುಕಟ್ಟೆಗೆ ತಂದಿತು. 1985ರಲ್ಲಿ ಅದೇ ಯಂತ್ರ ಎನ್.ಇ.ಎಸ್. ಎಂಬ ಹೆಸರಿನಲ್ಲಿ ಅಮೆರಿಕವನ್ನು ಪ್ರವೇಶಿಸಿತು. ಭಾರತದಲ್ಲಿ ಅದು ಸಮುರಾಯ್ ಎಂಬ ಹೆಸರಿನಿಂದ ಮಾರಾಟವಾಯಿತಾದರೂ, ನಮ್ಮಂತಹ ಸಣ್ಣ ಊರುಗಳ ಮನೆಗಳಿಗೆ ಬಂದದ್ದು ಬಹುಮಟ್ಟಿಗೆ ಅದರ ಅಗ್ಗದ ನಕಲು ಯಂತ್ರಗಳೇ. ತೊಂಬತ್ತರ ದಶಕದಲ್ಲಿ ಓದಿದ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಿಗೆ ಆ ಹಳದಿ ಬಣ್ಣದ ಕ್ಯಾಸೆಟ್ಟುಗಳು, ಅವುಗಳ ಮೇಲೆ ಅಚ್ಚಾಗಿರುತ್ತಿದ್ದ ‘9999 ಆಟಗಳು’ ಎಂಬ ಸುಳ್ಳು ಲೆಕ್ಕ, ಆಟ ಬಾರದಿದ್ದಾಗ ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದುತ್ತಿದ್ದುದು ಇವೆಲ್ಲ ನೆನಪಿರಲೇಬೇಕು.

ಆ ಯಂತ್ರದ ಒಳಗಿದ್ದ ಸಾಮರ್ಥ್ಯ ಎಷ್ಟೆಂದು ಕೇಳಿದರೆ ಇಂದಿನ ಮಕ್ಕಳು ನಕ್ಕಾರು. ಅದರ ಸಂಸ್ಕಾರಕದ ವೇಗ 1.79 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ ಸುಮಾರು ಹದಿನೆಂಟು ಲಕ್ಷ ಮಿಡಿತಗಳು. ಕೆಲಸಕ್ಕೆ ಒದಗುತ್ತಿದ್ದ ಸ್ಮೃತಿ ಕೇವಲ 2 ಕಿಲೋಬೈಟ್. ಪರದೆಯ ಮೇಲೆ ಅಡ್ಡಕ್ಕೆ 256, ಉದ್ದಕ್ಕೆ 240 ಚುಕ್ಕೆಗಳು. 1985ರಲ್ಲಿ ಬಂದ ಸೂಪರ್ ಮಾರಿಯೋ ಬ್ರದರ್ಸ್ ಆಟವಂತೂ ಒಟ್ಟು 40 ಕಿಲೋಬೈಟಿನಲ್ಲಿ ಅಡಗಿತ್ತು. ಇಂದು ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಚಿತ್ರ ಅದರ ಹತ್ತಾರು ಪಟ್ಟು ಜಾಗವನ್ನು ಬೇಡುತ್ತದೆ.

ಆ ಯಂತ್ರಗಳಲ್ಲಿ ಬಹುಪಾಲು ಈಗ ಕೆಟ್ಟುಹೋಗಿವೆ. ಗುಂಡಿಯ ರಬ್ಬರು ಸವೆದಿದೆ, ಬೆಸುಗೆ ಬಿಟ್ಟಿದೆ, ಅವನ್ನು ದುರಸ್ತಿ ಮಾಡುತ್ತಿದ್ದ ರೇಡಿಯೋ ಅಂಗಡಿಗಳೂ ವಿರಳವಾಗಿವೆ. ಯಂತ್ರವೇ ಇಲ್ಲವಾದ ಮೇಲೆ ಕ್ಯಾಸೆಟ್ಟಿನಲ್ಲಿರುವುದನ್ನು ಓದುವವರು ಯಾರು? ಈ ಪ್ರಶ್ನೆಗೆ ಉತ್ತರವೇ ಎಮ್ಯುಲೇಟರ್ ಎಂಬ ಅನುಕರಣ ತಂತ್ರಾಂಶ.

ಅನುಕರಣೆ ಎಂದರೇನು?

ಮಡಕಶಿರಾ ಸೀಮೆಯವರಿಗೆ ಅಮರಾಪುರದ ಬಳಿಯ ಹೇಮಾವತಿ ಗೊತ್ತಿರುವ ಊರು. ಒಂದು ಕಾಲಕ್ಕೆ ಹೆಂಜೇರು ಎಂಬ ಹೆಸರಿನಿಂದ ನೊಳಂಬ ಅರಸರ ರಾಜಧಾನಿಯಾಗಿದ್ದ ಸ್ಥಳವದು. ಶಾಸನದ ಕಲ್ಲನ್ನು ಯಾರೂ ಹೊತ್ತುಕೊಂಡು ತಿರುಗುವುದಿಲ್ಲ. ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಕುಂಚದಿಂದ ಬಡಿದು, ಮಸಿ ಹಚ್ಚಿ ಪಡಿಯಚ್ಚು ತೆಗೆಯುತ್ತಾರೆ. ಆ ಬಳಿಕ ಹಳಗನ್ನಡದ ಲಿಪಿ ಬಲ್ಲ ವಿದ್ವಾಂಸರು ಅದನ್ನು ಓದುತ್ತಾರೆ. ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ ಎಂಬುದನ್ನು ಗಮನಿಸಬೇಕು. ಪಡಿಯಚ್ಚು ತೆಗೆಯುವುದು ಒಂದು, ಅದನ್ನು ಓದುವುದು ಇನ್ನೊಂದು. ಪಡಿಯಚ್ಚಿದ್ದು ಓದುವವರಿಲ್ಲದಿದ್ದರೆ ಅದು ಬರಿಯ ಮಸಿ ಬಳಿದ ಕಾಗದ.

ಕ್ಯಾಸೆಟ್ಟಿನ ಸಂಗತಿಯೂ ಹೀಗೆಯೇ. ಅದರೊಳಗಿನ ಚಿಪ್ಪಿನಲ್ಲಿರುವ ಅಂಕಿಗಳನ್ನು ಒಂದು ಸಾಧನದ ಮೂಲಕ ಓದಿ ಗಣಕದಲ್ಲಿ ಕಡತವಾಗಿ ಇಟ್ಟುಕೊಳ್ಳುವುದು ಪಡಿಯಚ್ಚು ತೆಗೆದಂತೆ. ಆ ಅಂಕಿಗಳು ಹಳೆಯ ಸಂಸ್ಕಾರಕಕ್ಕೆ ಮಾತ್ರ ಅರ್ಥವಾಗುವ ಆಜ್ಞೆಗಳು. ಎಮ್ಯುಲೇಟರ್ ಎಂಬ ತಂತ್ರಾಂಶವು ಆ ಸಂಸ್ಕಾರಕದ ವೇಷವನ್ನು ತೊಡುತ್ತದೆ. ಒಂದು ಆಜ್ಞೆಯನ್ನು ಎತ್ತಿಕೊಳ್ಳುತ್ತದೆ, ಅದರ ಅರ್ಥವನ್ನು ತಿಳಿಯುತ್ತದೆ, ಹಳೆಯ ಯಂತ್ರ ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತದೆ, ಮುಂದಿನ ಆಜ್ಞೆಗೆ ಹೋಗುತ್ತದೆ. ತಾನು ಹೊಸ ಮನೆಯಲ್ಲಿದ್ದೇನೆಂಬ ಅರಿವೇ ಆಟಕ್ಕೆ ಬರುವುದಿಲ್ಲ.

ಇದು ಆಟಿಕೆಯ ಲೋಕದಲ್ಲಿ ಹುಟ್ಟಿದ ವಿದ್ಯೆಯಲ್ಲ. 1964ರಲ್ಲಿ ಐ.ಬಿ.ಎಂ. ಸಂಸ್ಥೆಯು ಸಿಸ್ಟಂ 360 ಎಂಬ ಹೊಸ ಗಣಕಗಳನ್ನು ಪ್ರಕಟಿಸಿದಾಗ, ತನ್ನ ಹಳೆಯ 1401 ಗಣಕವನ್ನು ಕೊಂಡಿದ್ದ ಗ್ರಾಹಕರ ಲೆಕ್ಕಪತ್ರದ ಕಾರ್ಯಕ್ರಮಗಳು ವ್ಯರ್ಥವಾಗದಂತೆ ಹೊಸ ಯಂತ್ರವೇ ಹಳೆಯದರಂತೆ ವರ್ತಿಸುವ ಏರ್ಪಾಡು ಮಾಡಿತು. ಎಮ್ಯುಲೇಟರ್ ಎಂಬ ಹೆಸರು ಗಣಕಲೋಕದಲ್ಲಿ ನೆಲೆಯೂರಿದ್ದು ಆ ಸಂದರ್ಭದಲ್ಲಿ.

ಹದಿನೆಂಟು ಲಕ್ಷ ಮಿಡಿತಗಳ ಯಂತ್ರವನ್ನು ಅನುಕರಿಸಲು ಅಷ್ಟೇ ವೇಗದ ಇನ್ನೊಂದು ಯಂತ್ರ ಸಾಲದೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಸಾಲದು. ಹಳೆಯ ಒಂದು ಆಜ್ಞೆಯ ಅರ್ಥವನ್ನು ಬಿಡಿಸಿ ನಡೆಸಲು ಹೊಸ ಯಂತ್ರಕ್ಕೆ ಹಲವಾರು ಆಜ್ಞೆಗಳು ಬೇಕು. ಮೇಲಾಗಿ ಫ್ಯಾಮಿಕಾಂನಲ್ಲಿ ಚಿತ್ರ ಬಿಡಿಸುವ ಚಿಪ್ಪು ಬೇರೆಯೇ ಇತ್ತು. ಸಂಸ್ಕಾರಕ ಒಮ್ಮೆ ಮಿಡಿಯುವಷ್ಟರಲ್ಲಿ ಅದು ಮೂರು ಚುಕ್ಕೆಗಳನ್ನು ಬಿಡಿಸುತ್ತಿತ್ತು. ಮೃದಂಗ ಮತ್ತು ಪಿಟೀಲುಗಳಂತೆ ಎರಡೂ ತಾಳ ತಪ್ಪದೆ ಸಾಗಬೇಕು. ಈ ಹೊಂದಾಣಿಕೆಯನ್ನು ಎಷ್ಟು ಕರಾರುವಾಕ್ಕಾಗಿ ಪಾಲಿಸುತ್ತೇವೆಯೋ ಹೊಸ ಯಂತ್ರದ ಮೇಲೆ ಅಷ್ಟು ಭಾರ ಬೀಳುತ್ತದೆ.

ಯಂತ್ರದ ಆಯ್ಕೆ

ಇಂತಹ ಗಣಕವನ್ನು ಜೋಡಿಸಲು ನಮ್ಮವರಿಗೆ ಎರಡು ದಾರಿಗಳಿವೆ.

ಮೊದಲನೆಯದು ಇಂಗ್ಲೆಂಡಿನ ರಾಸ್ಪ್‌ಬೆರಿ ಪೈ. ಶಾಲಾ ಮಕ್ಕಳಿಗೆ ಗಣಕ ಕಲಿಸುವ ಉದ್ದೇಶದಿಂದ 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂದ ಈ ಗಣಕ ಒಂದು ಸಣ್ಣ ಹಲಗೆಯಷ್ಟೇ. ಅದರ ನಾಲ್ಕನೆಯ ಮಾದರಿ 2019ರಲ್ಲಿಯೂ ಐದನೆಯದು 2023ರಲ್ಲಿಯೂ ಬಂದವು. ಫ್ಯಾಮಿಕಾಂ, ಸೆಗಾ, 1994ರ ಮೊದಲ ಪ್ಲೇಸ್ಟೇಷನ್ ಇವುಗಳ ಆಟಗಳಿಗೆ ನಾಲ್ಕನೆಯ ಮಾದರಿ ಸಾಕು. ಮಡಕಶಿರಾದ ಮನೆಯಲ್ಲಿರುವುದು ಇದೇ.

ಎರಡನೆಯದು ಕಚೇರಿಗಳು ಬಳಸಿ ಬಿಟ್ಟ ಪುಟ್ಟ ಗಣಕಗಳು. ದೊಡ್ಡ ಸಂಸ್ಥೆಗಳು ಕೆಲವು ವರ್ಷಗಳಿಗೊಮ್ಮೆ ತಮ್ಮ ಗಣಕಗಳನ್ನು ಬದಲಾಯಿಸುತ್ತವೆ. ದಪ್ಪ ನಿಘಂಟಿನ ಗಾತ್ರದ ಡೆಲ್ ಮೈಕ್ರೊ, ಲೆನೊವೊ ಟೈನಿ, ಎಚ್.ಪಿ. ಮಿನಿ ಮೊದಲಾದವು ಬೆಂಗಳೂರಿನಲ್ಲಿ ಎಲ್ಲರೂ ಎಸ್.ಪಿ. ರಸ್ತೆ ಎಂದು ಕರೆಯುವ ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳಲ್ಲಿ ಎರಡನೆಯ ಕೈಗೆ ದೊರೆಯುತ್ತವೆ. ರಾಯದುರ್ಗದ ನಮ್ಮ ಮನೆಗೆ ನಾನು ತಂದದ್ದು ಅಂತಹದೊಂದನ್ನು. ಕೊಳ್ಳುವಾಗ ಸಂಸ್ಕಾರಕದ ಹೆಸರಿನ ಕೊನೆಯಲ್ಲಿ ‘ಟಿ’ ಅಕ್ಷರವಿದೆಯೇ ಎಂದು ನೋಡಬೇಕು. ಅದು 35 ವಾಟ್‌ಗೆ ಮಿತಗೊಳಿಸಿದ ಇಂಟೆಲ್ ಸಂಸ್ಕಾರಕದ ಗುರುತು. ವಾಟ್ ಕಡಿಮೆಯಾದಷ್ಟೂ ಶಾಖ ಕಡಿಮೆ, ಶಾಖ ಕಡಿಮೆಯಾದಷ್ಟೂ ಸದ್ದು ಕಡಿಮೆ. ಒಳಗೆ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಅದನ್ನು ತೆಗೆದು ಎಸ್.ಎಸ್.ಡಿ. ಹಾಕಿಸಬೇಕು. ಚಲಿಸುವ ಭಾಗವೇ ಇಲ್ಲದ್ದರಿಂದ ಅದಕ್ಕೆ ಸದ್ದೂ ಇಲ್ಲ.

ಬಿಸಿಲು, ಧೂಳು ಮತ್ತು ಸದ್ದು

ಗಣಕದ ಸದ್ದಿಗೆ ಮುಖ್ಯ ಕಾರಣ ಅದರ ಫ್ಯಾನು. ಫ್ಯಾನಿನ ವೇಗ ಹೆಚ್ಚಲು ಕಾರಣ ಶಾಖ. ನಮ್ಮ ಸೀಮೆಯಲ್ಲಿ ಶಾಖ ಹೆಚ್ಚಲು ಕಾರಣ ಬಿಸಿಲು ಮಾತ್ರವಲ್ಲ, ಧೂಳು ಕೂಡ.

ರಾಯದುರ್ಗದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವೇದಾವತಿಯ, ಅಂದರೆ ನಮ್ಮ ಹಗರಿಯ, ದಂಡೆಯಲ್ಲಿ ಕಣೇಕಲ್ಲು, ಬೊಮ್ಮನಹಾಳುಗಳ ಕಡೆ ಮರಳಿನ ದಿಬ್ಬಗಳೇ ಎದ್ದಿವೆ. ಗಾಳಿಯ ಕಾಲದಲ್ಲಿ ಮುಚ್ಚಿದ ಬಾಗಿಲಿನ ಸಂದಿಯಲ್ಲೂ ಧೂಳು ನುಸುಳುತ್ತದೆ. ಜೀನ್ಸ್ ಬಟ್ಟೆ ಹೊಲಿಯುವ ಕಸುಬು ಊರಿನಲ್ಲಿ ಬೆಳೆದ ಮೇಲೆ ಬಟ್ಟೆಯ ನವಿರಾದ ಎಳೆಗಳೂ ಅದರೊಡನೆ ಸೇರಿಕೊಂಡಿವೆ. ಈ ಎಳೆಗಳು ಗಣಕದ ಒಳಗಿನ ಲೋಹದ ರೆಕ್ಕೆಗಳ ನಡುವೆ ಹೆಪ್ಪುಗಟ್ಟಿ ಕಂಬಳಿ ಹೊದಿಸಿದಂತೆ ಕೂರುತ್ತವೆ. ಗಾಳಿ ಆಡದು, ಶಾಖ ಹೋಗದು, ಫ್ಯಾನು ಇನ್ನೂ ಜೋರಾಗಿ ತಿರುಗಿ ಇನ್ನಷ್ಟು ಧೂಳನ್ನು ಒಳಗೆಳೆಯುತ್ತದೆ. ಹೊಸದಾಗಿದ್ದಾಗ ಮೌನವಾಗಿದ್ದ ಯಂತ್ರ ವರ್ಷ ಕಳೆಯುವುದರೊಳಗೆ ಮೊರೆಯಲಾರಂಭಿಸುವುದರ ಗುಟ್ಟು ಇದೇ.

ಇದಕ್ಕೆ ನಾನು ಅನುಸರಿಸುವ ಕ್ರಮ ಸರಳವಾದುದು. ಗಾಳಿ ಒಳಹೋಗುವ ಕಡೆ ತೆಳುವಾದ ಜಾಲರಿ ಅಂಟಿಸಿ, ತಿಂಗಳಿಗೊಮ್ಮೆ ಅದನ್ನು ತೊಳೆಯುವುದು. ಯಂತ್ರವನ್ನು ನೆಲದ ಮೇಲೆ ಇಡದೆ ಎದೆಯೆತ್ತರದ ಹಲಗೆಯ ಮೇಲೆ ಇಡುವುದು, ಏಕೆಂದರೆ ಕಸ ಗುಡಿಸುವಾಗ ಏಳುವ ಧೂಳು ನೆಲದ ಬಳಿಯೇ ಹೆಚ್ಚು. ವರ್ಷಕ್ಕೊಮ್ಮೆ ಮುಚ್ಚಳ ಬಿಚ್ಚಿ ಮೃದುವಾದ ಕುಂಚದಿಂದ ರೆಕ್ಕೆಗಳನ್ನು ಬಿಡಿಸುವುದು, ಸಂಸ್ಕಾರಕಕ್ಕೂ ಲೋಹಕ್ಕೂ ನಡುವೆ ಒಣಗಿರುವ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚುವುದು. ಗಾಜಿನ ಬಾಗಿಲಿರುವ ಷೋಕೇಸಿನಲ್ಲಿ ಅಲಂಕಾರಕ್ಕೆಂದು ಇಟ್ಟರೆ ಮಾತ್ರ ಯಾವ ಉಪಾಯವೂ ಫಲಿಸದು.

ಮಡಕಶಿರಾದ ಯಂತ್ರಕ್ಕೆ ಫ್ಯಾನೇ ಇಲ್ಲ. ರಾಸ್ಪ್‌ಬೆರಿ ಪೈ ಹಲಗೆಯನ್ನು ದಪ್ಪನೆಯ ಅಲ್ಯೂಮಿನಿಯಂ ಪೆಟ್ಟಿಗೆಯೊಂದರಲ್ಲಿ ಕೂರಿಸಲಾಗಿದೆ. ಪೆಟ್ಟಿಗೆಯೇ ಶಾಖವನ್ನು ಹೀರಿ ಗಾಳಿಗೆ ಬಿಡುತ್ತದೆ. ಇಲ್ಲಿ ಒಂದು ಸಣ್ಣ ಲೆಕ್ಕವನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಫ್ಯಾನಿಲ್ಲದ ಯಂತ್ರದ ಉಷ್ಣತೆ ಕೋಣೆಯ ಉಷ್ಣತೆಯನ್ನು ಅವಲಂಬಿಸಿರುತ್ತದೆ. ಕೋಣೆ 27 ಡಿಗ್ರಿ ಇದ್ದಾಗ ಚಿಪ್ಪು 60 ಡಿಗ್ರಿಗೆ ಏರಿತೆನ್ನೋಣ. ಏರಿಕೆ 33 ಡಿಗ್ರಿ. ಬೇಸಗೆಯಲ್ಲಿ ಕೋಣೆ 41 ಡಿಗ್ರಿ ಮುಟ್ಟಿದರೆ ಅದೇ ಕೆಲಸಕ್ಕೆ ಚಿಪ್ಪು ಸುಮಾರು 74 ಡಿಗ್ರಿ ತಲಪುತ್ತದೆ. ರಾಸ್ಪ್‌ಬೆರಿ ಪೈ 80 ಡಿಗ್ರಿಯ ಬಳಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆಗ ಆಟ ತೊದಲುತ್ತದೆ, ಸಂಗೀತ ಬಿಟ್ಟು ಬಿಟ್ಟು ಕೇಳಿಸುತ್ತದೆ. ಮಡಕಶಿರಾ ಎತ್ತರದ ನೆಲದಲ್ಲಿದ್ದು ಬಿಸಿಲಿನ ಕಾಟ ಸ್ವಲ್ಪ ಕಡಿಮೆಯಾದ್ದರಿಂದ ಈ ಪದ್ಧತಿ ಅಲ್ಲಿಗೆ ಒಗ್ಗಿದೆ. ರಾಯದುರ್ಗದ ಏಪ್ರಿಲ್ ಮಧ್ಯಾಹ್ನಕ್ಕೆ ನಿಧಾನವಾಗಿ ತಿರುಗುವ ಒಂದು ಫ್ಯಾನು ಇರುವುದೇ ಲೇಸು. ಸಣ್ಣ ಫ್ಯಾನು ವೇಗವಾಗಿ ತಿರುಗುವುದಕ್ಕಿಂತ ದೊಡ್ಡ ಫ್ಯಾನು ನಿಧಾನವಾಗಿ ತಿರುಗಿದರೆ ಅಷ್ಟೇ ಗಾಳಿ ಹಾಯುತ್ತದೆ, ಸದ್ದು ಬಹಳ ಕಡಿಮೆ.

ಇಷ್ಟೊಂದು ಮೌನವೇಕೆ ಎಂದು ಕೆಲವರು ಕೇಳಿದ್ದಾರೆ. ನಮ್ಮ ಮನೆಗಳಲ್ಲಿ ಆಟಕ್ಕೊಂದು, ಓದಿಗೊಂದು, ನಿದ್ದೆಗೊಂದು ಎಂದು ಪ್ರತ್ಯೇಕ ಕೋಣೆಗಳಿಲ್ಲ. ಒಬ್ಬ ಮಗು ಆಡುವಾಗ ಇನ್ನೊಂದು ಮಗು ಹತ್ತನೆಯ ತರಗತಿಯ ಪರೀಕ್ಷೆಗೆ ಓದುತ್ತಿರುತ್ತದೆ, ಅಜ್ಜಿ ಅದೇ ನಡುಮನೆಯಲ್ಲಿ ಮಲಗಿರುತ್ತಾರೆ. ಅಲ್ಲಿ ಮೌನ ಭೋಗದ ವಸ್ತುವಲ್ಲ, ಒಟ್ಟಿಗೆ ಬಾಳುವ ಮರ್ಯಾದೆ.

ವಿದ್ಯುತ್ತಿನ ಎಚ್ಚರಿಕೆ

ರಾಸ್ಪ್‌ಬೆರಿ ಪೈ ನಾಲ್ಕನೆಯ ಮಾದರಿಗೆ 5 ವೋಲ್ಟ್, 3 ಆಂಪಿಯರ್ ಒದಗಿಸುವ ಅಡಾಪ್ಟರ್ ಬೇಕು. ಮನೆಯಲ್ಲಿ ಬಿದ್ದಿರುವ ಹಳೆಯ ಮೊಬೈಲ್ ಚಾರ್ಜರನ್ನು ಜೋಡಿಸಿದರೆ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಕಾಣಿಸಿಕೊಳ್ಳುತ್ತದೆ. ವೋಲ್ಟ್ ಸಾಲುತ್ತಿಲ್ಲವೆಂದು ಯಂತ್ರ ಕೊಡುವ ದೂರು ಅದು.

ಇನ್ನೊಂದು ಅಪಾಯ ವಿದ್ಯುತ್ ಹಠಾತ್ತನೆ ಹೋಗುವುದು. ಬರೆಯುತ್ತಿರುವಾಗ ವಿದ್ಯುತ್ ನಿಂತರೆ ಮೆಮೊರಿ ಕಾರ್ಡಿನಲ್ಲಿರುವುದೆಲ್ಲ ಕೆಡುವ ಸಂಭವವುಂಟು. ಆದ್ದರಿಂದ ಕಡತಗಳ ಇನ್ನೊಂದು ಪ್ರತಿ ಬೇರೆಡೆ ಇರಲೇಬೇಕು. ಮನೆಯಲ್ಲಿ ಇನ್ವರ್ಟರ್ ಇದ್ದು ಅದಕ್ಕೆ ಯು.ಪಿ.ಎಸ್. ಎಂಬ ಸ್ಥಿತಿಯ ಗುಂಡಿ ಇದ್ದರೆ ಅದನ್ನು ಆರಿಸಬೇಕು. ಬಲ್ಬು, ಫ್ಯಾನುಗಳಿಗೆ ಕ್ಷಣದ ಅಂತರ ತಿಳಿಯದು. ಗಣಕಕ್ಕೆ ಆ ಕ್ಷಣವೇ ಸಾಕು.

ತಂತ್ರಾಂಶ ಮತ್ತು ಪರದೆ

ಜೋಡಣೆ ಮುಗಿದ ಮೇಲೆ ತಂತ್ರಾಂಶದ ಕೆಲಸ ಸುಲಭ. ಪುಟ್ಟ ಕಚೇರಿ ಗಣಕಕ್ಕೆ ಬಟೊಸೆರಾ, ರಾಸ್ಪ್‌ಬೆರಿ ಪೈಗೆ ಲಕ್ಕಾ ಎಂಬ ಉಚಿತ ವ್ಯವಸ್ಥೆಗಳನ್ನು ನಾನು ಬಳಸಿದ್ದೇನೆ. ಎರಡೂ ಲಿನಕ್ಸ್ ಆಧಾರಿತ. ಬಟೊಸೆರಾವನ್ನು ಪೆನ್‌ಡ್ರೈವಿನಿಂದಲೇ ನಡೆಸಬಹುದಾದ್ದರಿಂದ ಗಣಕದಲ್ಲಿರುವ ಬೇರಾವುದನ್ನೂ ಮುಟ್ಟಬೇಕಾಗಿಲ್ಲ.

ಇಲ್ಲಿ ಹಳೆಯ ವಿದ್ಯಾರ್ಥಿಗಳಿಗೆ ಒಂದು ವಿಶೇಷ ಸಂಗತಿ. ಆಟ ಬರುತ್ತದೆ, ಆದರೆ ಸಂಗೀತ ಅಂದಿನಂತಿಲ್ಲ, ಓಟ ಹೆಚ್ಚಾಗಿದೆ ಎಂದು ಕೆಲವರಿಗೆ ಅನಿಸುತ್ತದೆ. ಅದು ಭ್ರಮೆಯಾಗಬೇಕಾಗಿಲ್ಲ. ಜಪಾನು, ಅಮೆರಿಕಗಳ ದೂರದರ್ಶನ ಪದ್ಧತಿಯಲ್ಲಿ ಆ ಯಂತ್ರ ಸೆಕೆಂಡಿಗೆ ಸುಮಾರು 60 ಚಿತ್ರಗಳನ್ನು ಮೂಡಿಸುತ್ತಿತ್ತು. ಭಾರತದ್ದು ಪಾಲ್ ಪದ್ಧತಿ, ಅದರಲ್ಲಿ 50. ಈ 50ರ ಪದ್ಧತಿಗೆ ಹೊಂದಿಸಿದ ನಕಲು ಯಂತ್ರಗಳಲ್ಲಿ ಆಟವೂ ಸಂಗೀತವೂ ಆರರಲ್ಲಿ ಒಂದು ಪಾಲು ನಿಧಾನವಾಗುತ್ತಿದ್ದವು. ಬಾಲ್ಯದಲ್ಲಿ ಕೇಳಿದ ಆ ನಿಧಾನದ ರಾಗವೇ ಕೆಲವರ ಕಿವಿಯಲ್ಲಿ ನಿಂತಿದೆ. ಮೆಸೆನ್, ಎಫ್.ಸಿ.ಇ.ಯು.ಎಕ್ಸ್. ಮುಂತಾದ ಎಮ್ಯುಲೇಟರುಗಳಲ್ಲಿ ‘ಡೆಂಡಿ’ ಎಂಬ ಆಯ್ಕೆಯಿದೆ. 1992ರಲ್ಲಿ ರಷ್ಯದಲ್ಲಿ ಮಾರಾಟಕ್ಕೆ ಬಂದ ನಕಲು ಯಂತ್ರವೊಂದರ ಹೆಸರು ಅದು. ಅದನ್ನು ಒತ್ತಿದರೆ ಹಳೆಯ ನಡಿಗೆ ಮರಳಿ ಬರುತ್ತದೆ. ನಕಲಿನ ಲಕ್ಷಣವನ್ನೂ ಶ್ರದ್ಧೆಯಿಂದ ಅನುಕರಿಸಿದವರ ಬಗ್ಗೆ ನನಗೆ ಗೌರವವುಂಟು.

ಅಟ್ಟದ ಮೇಲೆ ಹಳೆಯ ದಪ್ಪ ಟಿ.ವಿ. ಇನ್ನೂ ಇದ್ದವರು ಅದನ್ನು ಗುಜರಿಗೆ ಹಾಕದಿರಲಿ. ರಾಸ್ಪ್‌ಬೆರಿ ಪೈ ನಾಲ್ಕನೆಯ ಮಾದರಿಯ ಧ್ವನಿಕಿಂಡಿಯಿಂದಲೇ ಹಳದಿ, ಕೆಂಪು, ಬಿಳಿ ತಂತಿಗಳ ಮೂಲಕ ಅದಕ್ಕೆ ಚಿತ್ರ ಕಳುಹಿಸಬಹುದು. ಹೊಸ ಟಿ.ವಿ.ಯಲ್ಲಾದರೆ ‘ಗೇಮ್ ಮೋಡ್’ ಎಂಬ ಆಯ್ಕೆಯನ್ನು ಒತ್ತಬೇಕು. ಚಿತ್ರವನ್ನು ಅಂದಗೊಳಿಸುವ ಕೆಲಸದಲ್ಲಿ ಅದು ಮಾಡುವ ವಿಳಂಬ ಆಗ ತಗ್ಗುತ್ತದೆ, ಗುಂಡಿ ಒತ್ತಿದೊಡನೆ ಮಾರಿಯೋ ಜಿಗಿಯುತ್ತಾನೆ.

ಧರ್ಮದ ಮಾತು

ಎಮ್ಯುಲೇಟರ್ ಬಳಸುವುದು ಅಪರಾಧವಲ್ಲ. ಆದರೆ ಆಟಗಳಿಗೆ ಒಡೆಯರಿದ್ದಾರೆ. ನಮ್ಮ 1957ರ ಕೃತಿಸ್ವಾಮ್ಯ ಅಧಿನಿಯಮವು ಗಣಕದ ಕಾರ್ಯಕ್ರಮವನ್ನು ಸಾಹಿತ್ಯ ಕೃತಿಯೆಂದೇ ಪರಿಗಣಿಸುತ್ತದೆ. ನ್ಯಾಯವಾಗಿ ಕೊಂಡವರು ನಷ್ಟ, ಹಾನಿಗಳಿಂದ ತಾತ್ಕಾಲಿಕವಾಗಿ ಕಾಪಾಡಿಕೊಳ್ಳಲು ಪ್ರತಿ ಮಾಡಿಕೊಳ್ಳುವುದಕ್ಕೆ ಅದರ 52ನೆಯ ಪ್ರಕರಣದಲ್ಲಿ ಅವಕಾಶವಿದೆ. ಸಿಕ್ಕಸಿಕ್ಕಲ್ಲಿಂದ ಇಳಿಸಿಕೊಂಡು ಹಂಚುವುದಕ್ಕೆ ಇಲ್ಲ. ಹಳೆಯ ಯಂತ್ರಕ್ಕೆಂದೇ ಇಂದಿಗೂ ಹೊಸ ಆಟ ಬರೆಯುವ ಉತ್ಸಾಹಿಗಳಿದ್ದಾರೆ. 2019ರ ಮೈಕ್ರೊ ಮೇಜಸ್ ಎಂಬ ಆಟ ಹಳೆಯ ಮಾರಿಯೋವಿನಂತೆಯೇ 40 ಕಿಲೋಬೈಟಿನಲ್ಲಿ ಅಡಗಿದೆ. ನೋವಾ ದ ಸ್ಕ್ವಿರಲ್ ಎಂಬುದು ಉಚಿತ, ಅದರ ಮೂಲಬರಹವನ್ನೂ ಓದಿ ಕಲಿಯಬಹುದು. ಶಾಲೆಯ ಮಕ್ಕಳಿಗೆ ನಾನು ಮೊದಲು ಸೂಚಿಸುವುದು ಇಂತಹವನ್ನೇ.

ಆಟದಿಂದ ಅಕ್ಷರಕ್ಕೆ

ಈಗ ಆರಂಭದಲ್ಲಿ ಕೊಟ್ಟ ಮಾತಿಗೆ ಬರುತ್ತೇನೆ.

ಕನ್ನಡ ಲಿಪಿಗೆ ಯುನಿಕೋಡಿನಲ್ಲಿ ಸ್ಥಾನ ದೊರೆತದ್ದು 1991ರಲ್ಲಿ. ಅದು ನಮ್ಮ ಊರಿನ ಗಣಕಗಳಲ್ಲಿ ರೂಢಿಗೆ ಬಂದದ್ದು ಎಷ್ಟೋ ವರ್ಷಗಳ ನಂತರ. ನಡುವಿನ ಕಾಲದಲ್ಲಿ 1998ರ ಬರಹ, ಅನಂತರದ ನುಡಿ, ಶ್ರೀಲಿಪಿ ಮುಂತಾದವುಗಳಿಂದ ಅಕ್ಷರ ಜೋಡಣೆ ನಡೆಯಿತು. ಅವುಗಳ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಅಂದಿನ ಕಡತಗಳಲ್ಲಿ ನಿಜವಾದ ಕನ್ನಡ ಅಕ್ಷರಗಳಿಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ರೂಪಗಳನ್ನು ಕೂರಿಸಲಾಗಿತ್ತು. ನುಡಿ, ಬರಹಗಳ ಹಳೆಯ ಪದ್ಧತಿಯಲ್ಲಿ ‘ಕ’ ಎಂಬುದು ಇಂಗ್ಲಿಷಿನ ಪಿ ಅಕ್ಷರ ಮತ್ತು ತಲೆಯ ಮೇಲೆ ಗೀಟಿರುವ ಎ ಅಕ್ಷರಗಳ ಜೋಡಿ. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ಗೀಚು.

ನುಡಿ, ಬರಹಗಳ ಕಡತಗಳನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಇವೆ. ಆದರೆ ಪುಟವಿನ್ಯಾಸದ ಹಳೆಯ ತಂತ್ರಾಂಶಗಳಲ್ಲಿ ಸಿಕ್ಕಿಕೊಂಡ ಕಡತವನ್ನು ಬಿಡಿಸಲು ಆ ಹಳೆಯ ತಂತ್ರಾಂಶವೇ ಬೇಕು, ಅದಕ್ಕೆ ಹಳೆಯ ವಿಂಡೋಸ್ ಬೇಕು, ಅದಕ್ಕೆ ಹಳೆಯ ಗಣಕ ಬೇಕು. ಇಲ್ಲಿಯೇ ಅನುಕರಣೆ ನೆರವಿಗೆ ಬರುತ್ತದೆ. 2002ರಲ್ಲಿ ಬಂದ ಡಾಸ್‌ಬಾಕ್ಸ್ ಹಳೆಯ ಡಾಸ್ ಕಾರ್ಯಕ್ರಮಗಳನ್ನು ನಡೆಸುತ್ತದೆ. 86ಬಾಕ್ಸ್ ಎಂಬುದು ತೊಂಬತ್ತರ ದಶಕದ ಇಡೀ ಗಣಕವನ್ನೇ ಕಣ್ಣ ಮುಂದೆ ನಿಲ್ಲಿಸುತ್ತದೆ. ಇದಕ್ಕೆ ಸಂಸ್ಕಾರಕದ ಬಲ ಹೆಚ್ಚು ಬೇಕಾದ್ದರಿಂದ ರಾಸ್ಪ್‌ಬೆರಿ ಪೈಗಿಂತ ಪುಟ್ಟ ಕಚೇರಿ ಗಣಕವೇ ತಕ್ಕುದು. ಮಾರಿಯೋ ಆಡುವ ಅದೇ ಯಂತ್ರದ ಮೇಲೆ, ಅದೇ ತತ್ತ್ವದಿಂದ, ಹಳೆಯ ಕನ್ನಡ ಪುಟ ಮತ್ತೆ ತೆರೆಯುತ್ತದೆ.

ಗಡಿನಾಡಿನ ನಮಗೆ ಇದು ಹವ್ಯಾಸದ ಮಾತಾಗಿ ಉಳಿಯುವುದಿಲ್ಲ. 1953ರಲ್ಲಿ ಬಳ್ಳಾರಿ ಜಿಲ್ಲೆ ಹಂಚಿಹೋದಾಗ ರಾಯದುರ್ಗ ತಾಲೂಕು ಆಂಧ್ರಕ್ಕೆ ಸೇರಿತು. ಮಡಕಶಿರಾ ಮೊದಲಿನಿಂದ ಅನಂತಪುರದಲ್ಲಿದ್ದು, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಜಿಲ್ಲೆಗಳು ಬದಲಾದವು, ಮನೆಯ ಮಾತು ಬದಲಾಗಲಿಲ್ಲ. ಬೆಂಗಳೂರಿನಲ್ಲಿ ಅಚ್ಚಾದ ಪುಸ್ತಕಕ್ಕೆ ಹತ್ತು ಕಡೆ ಪ್ರತಿ ದೊರೆತೀತು. ನಮ್ಮ ಶಾಲೆಯ ವಾರ್ಷಿಕ ಸಂಚಿಕೆ, ಊರ ನಾಟಕದ ಕರಪತ್ರ, ಗುರುಗಳೊಬ್ಬರು ಜೋಡಿಸಿದ ವ್ಯಾಕರಣದ ಟಿಪ್ಪಣಿ ಇವುಗಳಿಗೆ ಉಳಿದಿರುವ ಏಕೈಕ ಪ್ರತಿ ಯಾರದೋ ಮನೆಯ ಫ್ಲಾಪಿಯಲ್ಲಿರಬಹುದು. ಫ್ಲಾಪಿಯ ಕಾಂತೀಯ ಲೇಪನ ನಮ್ಮ ಬಿಸಿಲು ಧೂಳುಗಳನ್ನು ಬಹುಕಾಲ ತಾಳದು. ಕಲ್ಲಿನ ಶಾಸನ ಸಾವಿರ ವರ್ಷ ಕಾದೀತು, ಫ್ಲಾಪಿ ಕಾಯದು.

ಆದ್ದರಿಂದ ಹಳೆಯ ವಿದ್ಯಾರ್ಥಿ ಮಿತ್ರರಲ್ಲಿ ನನ್ನ ಸಲಹೆ: ಮನೆಯ ಪೆಟ್ಟಿಗೆಗಳಲ್ಲಿರುವ ಫ್ಲಾಪಿ, ಸಿ.ಡಿ.ಗಳನ್ನು ಎಸೆಯುವ ಮೊದಲು ಒಮ್ಮೆ ತೆರೆದು ನೋಡಿಸಿ. ಯು.ಎಸ್.ಬಿ.ಗೆ ಜೋಡಿಸುವ ಫ್ಲಾಪಿ ಡ್ರೈವ್ ಇಂದಿಗೂ ದೊರೆಯುತ್ತದೆ. ನಮ್ಮ ಶಾಲೆಯ ಗ್ರಂಥಾಲಯದ ಮೂಲೆಯಲ್ಲಿ ಇಂತಹ ಪುಟ್ಟ ಗಣಕವೊಂದನ್ನು ಇಡಲು ಮುಖ್ಯೋಪಾಧ್ಯಾಯರು ಒಪ್ಪುವುದಾದರೆ ಅದನ್ನು ಜೋಡಿಸಿಕೊಡುವ ಹೊಣೆ ನನ್ನದು. ಮಕ್ಕಳು ಶನಿವಾರ ಅದರಲ್ಲಿ ಆಡಲಿ, ಉಳಿದ ದಿನಗಳಲ್ಲಿ ಹಿರಿಯರ ಕಡತಗಳನ್ನು ಒಂದೊಂದಾಗಿ ಯುನಿಕೋಡಿಗೆ ತರಲಿ. ಸದ್ದಿಲ್ಲದ ಯಂತ್ರವಾದ್ದರಿಂದ ಗ್ರಂಥಾಲಯದಲ್ಲಿ ಓದುವವರಿಗೂ ತೊಂದರೆಯಾಗದು.

ಐವತ್ತು ವರ್ಷಗಳಿಂದ ನಮಗೆ ಕನ್ನಡದ ಅಕ್ಷರ ಕಲಿಸಿದ ಶಾಲೆ ಇದು. ಆ ಅಕ್ಷರಗಳು ಮುಂದಿನ ಐವತ್ತು ವರ್ಷವೂ ಓದುವವರ ಕಣ್ಣಿಗೆ ಕಾಣುವಂತೆ ನೋಡಿಕೊಳ್ಳುವುದು ಇಲ್ಲಿ ಓದಿದವರ ಪಾಲಿನ ಕೆಲಸ.